ಎಂಟನೇ ಕ್ಲಾಸ್ ಹುಡುಗ, ಯಾರ ಮಾತೂ ಕೇಳುತ್ತಿಲ್ಲ

ಮೂಡಿಗೆರೆ ಮಾವ: ಅಕ್ಕನ ಮಗ, 13 ವರ್ಷ. ಆಳುಗಳ ಬಟವಾಡೆಗೆ ಇಟ್ಟಿದ್ದ ದುಡ್ಡಿನಲ್ಲಿ 2,000 ಎತ್ತಿದ. ಕೇಳಿದ್ದಕ್ಕೆ ಕಣದಲ್ಲಿ ಹರವಿದ್ದ ಕಾಫಿಯನ್ನೆಲ್ಲ ಒದ್ದು ಚೆಲ್ಲಾಡಿದ. ಸ್ಕೂಲಲ್ಲಿ ಒಬ್ಬನ ತುಟಿ ಒಡೆದಿದ್ದಾನೆ. ಭಾವ ಬೆಲ್ಟ್ ತೆಗೆದರೆ ಒಂದು ವಾರ ತಣ್ಣಗಿರುತ್ತಾನೆ, ಆಮೇಲೆ ಅದೇ ರಾಗ. ಎಲ್ಲರೂ ಸಹವಾಸ ದೋಷ ಅಂತಾರೆ. ಅಷ್ಟೇನಾ?

ಹಾಸನದ ಮೇಷ್ಟ್ರು: ಸಹವಾಸ ಸಾಮಾನ್ಯವಾಗಿ ಆಮೇಲೆ ಸೇರಿಕೊಳ್ಳುವುದು. ಮೊದಲು ಕೇಳಬೇಕಾದ್ದು, ಯಾವಾಗ ಶುರುವಾಯ್ತು? ಟೆರಿ ಮಾಫಿಟ್ ಅನ್ನುವ ಮನಶ್ಶಾಸ್ತ್ರಜ್ಞೆ 1993ರಲ್ಲಿ ಇದನ್ನು ಎರಡು ದಾರಿ ಮಾಡಿ ತೋರಿಸಿದರು. ಮೀಸೆ ಚಿಗುರುವಾಗ ಶುರುವಾದ ಪುಂಡಾಟ ಹೆಚ್ಚಿನವರಲ್ಲಿ ವಯಸ್ಸಾದಂತೆ ಇಳಿಯುತ್ತದೆ. ಚಿಕ್ಕಂದಿನಿಂದಲೇ ಕಚ್ಚುವುದು, ಹೊಡೆಯುವುದು ನಿಲ್ಲದೆ ಬಂದಿದ್ದರೆ ಅದು ಬೇಗ ಬಿಡುವುದಿಲ್ಲ. ಡಾಕ್ಟರೂ 10 ವರ್ಷಕ್ಕೆ ಮೊದಲೋ ಆಮೇಲೋ ಅಂತ ಕೇಳುತ್ತಾರೆ. ಇನ್ನೊಂದು, ತಪ್ಪು ಮಾಡಿದ ಮೇಲೆ ಅವನಿಗೆ ಬೇಜಾರಾಗುತ್ತಾ?

ಚಿಕ್ಕಮಗಳೂರಿನ ಅಮ್ಮ: ನಮ್ಮ ಮನೆ ಕಥೆ ಹೇಳುತ್ತೇನೆ. ಅಂಗಡಿ ಮುಂದೆ ಮಗ ಚಿಪ್ಸ್ ಕೇಳಿದ, ಬೇಡ ಅಂದೆ, ಕೂಗಿದ, ನಾನೂ ಕೂಗಿದೆ, ಅವನು ನೆಲಕ್ಕೆ ಬಿದ್ದು ಹೊರಳಿದ, ಜನ ನೋಡುತ್ತಾರಲ್ಲ ಅಂತ ಸುಮ್ನೆ ಕೊಡಿಸಿಬಿಟ್ಟೆ. ಕೂಗಿದರೆ ಸಿಗುತ್ತದೆ ಅಂತ ಅವನು ಕಲಿತ. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಅಂತ ನಾನು ಕಲಿತೆ! ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಯಲ್ಲಿ ಇಂಥದ್ದನ್ನೇ ನೋಡಿ ಬರೆದದ್ದು. ನಿಮ್ಮ ಭಾವನ ಬೆಲ್ಟೂ ಅದೇ ಪಾಠ ಅಲ್ವಾ, ಜೋರಿದ್ದವನು ಗೆಲ್ಲುತ್ತಾನೆ ಅಂತ. ಇವತ್ತು ಬೆಲ್ಟು, ನಾಳೆ ಮುದ್ದು, ಈ ಎರಡೂ ಸೇರಿದರೆ ಇನ್ನೂ ಕಷ್ಟ.

ಮೂಡಿಗೆರೆ ಮಾವ: ಅಯ್ಯೋ, ನಮ್ಮಲ್ಲಿ ಅದೇ ಆಗಿರುವುದು. ಒಂದನೇ ಕ್ಲಾಸಿನಿಂದ ಕೂತಲ್ಲಿ ಕೂರುತ್ತಿರಲಿಲ್ಲ. ಓದು ಈಗಲೂ ತಡವರಿಸುತ್ತದೆ. ಹೊಡೆದಾಟ ಮಾತ್ರ ಹೋದ ವರ್ಷದಿಂದ. ಬೇಜಾರು ಅಂದರೆ, ಕಣ ಒದ್ದ ದಿನ ರಾತ್ರಿ ಟಾರ್ಚ್ ಹಿಡಿದು ಒಬ್ಬನೇ ಕಾಫಿ ಗುಡ್ಡೆ ಮಾಡುತ್ತಿದ್ದ. ನಾನು ನೋಡಿಯೂ ನೋಡದವನ ಹಾಗೆ ಬಂದೆ.

ಹಾಸನದ ಮೇಷ್ಟ್ರು: ಆ ಟಾರ್ಚ್ ಒಳ್ಳೇ ಸುದ್ದಿ. ಎಡಿಎಚ್‌ಡಿ (ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ), ಓದಿನ ತೊಂದರೆ ಇದೆಯಾ ಅಂತ ಮೊದಲು ಡಾಕ್ಟರಿಗೆ ತೋರಿಸಿ. ಓದಲು ಬಾರದೆ ವರ್ಷಗಟ್ಟಲೆ ಬೈಸಿಕೊಂಡ ಹುಡುಗ ಹಿಂದಿನ ಬೆಂಚಿನವರ ಜೊತೆ ಸೇರದೆ ಇನ್ನೆಲ್ಲಿ ಹೋಗುತ್ತಾನೆ? ಸಹವಾಸ ಬರುವುದು ಹಾಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡಬಹುದು.

ಮೂಡಿಗೆರೆ ಮಾವ: ಮಾಡುತ್ತೇನೆ ಸಾರ್. ಬೆಲ್ಟ್ ಕೆಳಗಿಡು ಅಂತ ಭಾವನಿಗೆ ಯಾರು ಹೇಳಬೇಕು ಅನ್ನುವುದೇ ಈಗ ತಲೆನೋವು.