ಮುರೆಲ್ (ಹಾವುತಲೆ ಮೀನು) ಫೀಡಿನಲ್ಲಿ ಫಿಶ್ ಮೀಲ್ (ಒಣ ಮೀನಿನ ಪುಡಿ) ಅರ್ಧಕ್ಕಿಳಿಸಿದರೆ ಮೀನು ಉಗುಳುತ್ತಿದೆ, ತಪ್ಪೆಲ್ಲಿ?

ಗಾಳದಕಡ್ಡಿ:
ನೂರು ಕೆಜಿ ಫೀಡಿಗೆ 40 ಕೆಜಿ ಇದ್ದ ಫಿಶ್ ಮೀಲನ್ನು 20ಕ್ಕೆ ಇಳಿಸಿದೆ. ಈಗಿನ ಮಿಶ್ರಣದಲ್ಲಿ ಎಣ್ಣೆ ತೆಗೆಯದ ಬಿಎಸ್‌ಎಫ್ (ಬ್ಲ್ಯಾಕ್ ಸೋಲ್ಜರ್ ಫ್ಲೈ ನೊಣದ ಮರಿಹುಳು) ಹುಳುಪುಡಿ 20, ಸೋಯಾ ಹಿಂಡಿ 35, ಗೋಧಿ ಹಿಟ್ಟು 20, ಎಣ್ಣೆ 3, ಪ್ರೀಮಿಕ್ಸ್ (ವಿಟಮಿನ್-ಖನಿಜದ ಮಿಶ್ರಣ) 2. ಕಾಗದದ ಮೇಲೆ ಪ್ರೋಟೀನ್ 40%. ಆದರೆ ತೇಲಬೇಕಾದ ಪೆಲೆಟ್ (ಫೀಡಿನ ಗುಳಿಗೆ) ಅರ್ಧಕ್ಕರ್ಧ ಮುಳುಗುತ್ತೆ, 30 ಗ್ರಾಂ ಮರಿಗಳು ಕಚ್ಚಿ ಉಗುಳುತ್ತವೆ.

ಕೆಸರುಗಾಲು:
ಇವು ಎರಡು ಬೇರೆ ಬೇರೆ ತಪ್ಪು. ಮುಳುಗೋದಕ್ಕೆ ಕೊಬ್ಬು ಕಾರಣ. ಹುಳುವಿನಿಂದಲೇ ಸುಮಾರು 6 ಕೆಜಿ ಕೊಬ್ಬು ಬರುತ್ತೆ, ಮೇಲೆ 3 ಕೆಜಿ ಎಣ್ಣೆ ಬೇರೆ. ಪೆಲೆಟ್ ಮಾಡುವ ಸಿಂಗಲ್ ಸ್ಕ್ರೂ ಯಂತ್ರದಲ್ಲಿ ಹಿಟ್ಟಿನ ಕೊಬ್ಬು 7% ದಾಟಿದಂತೆ ಪೆಲೆಟ್ ಉಬ್ಬೋದು ಕಮ್ಮಿಯಾಗಿ ತೇಲಲ್ಲ. ಎಣ್ಣೆ ಹಿಂಡಿದ ಹುಳುಪುಡಿ ಹಾಕಿ, ಎಣ್ಣೆಯನ್ನು ಪೆಲೆಟ್ ಒಣಗಿದ ಮೇಲೆ ಲೇಪಿಸಿ.
ನಿಮ್ಮ 40% ಕೂಡ ಪೂರ್ತಿ ನಿಜವಲ್ಲ. ಹುಳುವಿನ ಸಿಪ್ಪೆಯ ಕೈಟಿನ್‌ನಲ್ಲೂ ಸಾರಜನಕ ಇದೆ. ಅದಕ್ಕೇ ಪ್ರೋಟೀನ್ ಲೆಕ್ಕಕ್ಕೆ ಹುಳುವಿನ ಸಾರಜನಕವನ್ನು 6.25ರ ಬದಲು 4.76ರಿಂದ ಗುಣಿಸಬೇಕು. ಹಾಗೆ ನೋಡಿದರೆ 38ರ ಆಸುಪಾಸು.

ಮೀನ್‌ಬುಟ್ಟಿ:
ಉಗುಳೋದಕ್ಕೆ ನನ್ನ ಅನುಮಾನ ಸೋಯಾ ಮೇಲೆ. ಮಾಂಸಾಹಾರಿ ಮೀನಿಗೆ 35 ಜಾಸ್ತಿಯೇ ಆಯ್ತು. ರುಚಿ ಹಿಡಿಸಲ್ಲ, ಮೀನಿಗೆ ಬೇಕಾದ ಅಮೈನೋ ಆಮ್ಲಗಳಲ್ಲಿ ಮೆಥಿಯೋನಿನ್ ಕಮ್ಮಿ, ಟಾರಿನ್ ಇಲ್ಲವೇ ಇಲ್ಲ. ಹೀಗೆ ಮಾಡಿ: ಫಿಶ್ ಮೀಲ್ 20, ಎಣ್ಣೆ ತೆಗೆದ ಹುಳುಪುಡಿ 10, ಕೋಳಿ ಮಾಂಸದ ತ್ಯಾಜ್ಯದ ಮೀಲ್ 17, ಸೋಯಾ 22, ಗೋಧಿ ಹಿಟ್ಟು 20, ಪ್ರೀಮಿಕ್ಸ್ 2, ಮೋನೋಕ್ಯಾಲ್ಸಿಯಂ ಫಾಸ್ಫೇಟ್ 1, ಲೈಸಿನ್ 0.6, ಮೆಥಿಯೋನಿನ್ 0.4, ಟಾರಿನ್ 0.5, ಕೋಲಿನ್ ಕ್ಲೋರೈಡ್ 0.5. ಹೊರಗಿನ ಲೇಪಕ್ಕೆ ಮೀನೆಣ್ಣೆ 4, ಸೋಯಾ ಎಣ್ಣೆ 2. ಮೀನೆಣ್ಣೆ ಬಿಡಬೇಡಿ. ಹುಳುವಿನ ಕೊಬ್ಬಲ್ಲಿ ಲಾರಿಕ್ ಆಮ್ಲವೇ ಹೆಚ್ಚು, ಒಮೆಗಾ-3 ಅದರಿಂದ ಸಿಗಲ್ಲ.
ರುಚಿಗೆ ಮೀನಿನ ಸೈಲೇಜ್ (ಆಮ್ಲದಲ್ಲಿ ಕರಗಿಸಿದ ಮೀನಿನ ತ್ಯಾಜ್ಯ): ತಲೆ, ಕರುಳು ರುಬ್ಬಿ, 100 ಕೆಜಿಗೆ 85% ಫಾರ್ಮಿಕ್ ಆಮ್ಲ 3 ಕೆಜಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ (ಕಬ್ಬಿಣದ್ದು ಕೊರೆದುಹೋಗುತ್ತೆ). ದಿನಾ ಕಲಕಿ. ಪಿಎಚ್ 4ಕ್ಕಿಂತ ಕೆಳಗೇ ಇರಲಿ, ಮೇಲೇರಿದರೆ ಕೊಳೆಯುತ್ತೆ. ನೀರಾದ ಮೇಲೆ ಕುದಿಸಿ, ಸೋಸಿ, ಲೇಪದ ಎಣ್ಣೆಯ ಜೊತೆ ಫೀಡಿನ 3%ರಷ್ಟು ಚಿಮುಕಿಸಿ ಮತ್ತೆ ಒಣಗಿಸಿ. ರೋಗದ ಭಯವಿರೋದರಿಂದ ಮುರೆಲ್ ತ್ಯಾಜ್ಯ ಬೇಡವೇ ಬೇಡ.

ಗಾಳದಕಡ್ಡಿ:
ಸೋಯಾ ಇರೋದರಿಂದ ಫೈಟೇಸ್ (ಸೋಯಾದಲ್ಲಿ ಕಟ್ಟಿಕೊಂಡ ರಂಜಕವನ್ನು ಬಿಡಿಸುವ ಕಿಣ್ವ) ಸೇರಿಸಲೇ? ಹೊಸ ಫೀಡಿಗೆ ಒಮ್ಮೆಲೇ ಬದಲಾಯಿಸಬಹುದಾ?

ಕೆಸರುಗಾಲು:
ಫೈಟೇಸ್ ಹಿಟ್ಟಿಗೆ ಹಾಕಿದರೆ ಯಂತ್ರದ ಬಿಸಿಗೆ ಸಾಯುತ್ತೆ. ದ್ರವರೂಪದ್ದನ್ನು ಪೆಲೆಟ್ ಆರಿದ ಮೇಲೆ, ಎಣ್ಣೆಗೆ ಮುಂಚೆ ಸಿಂಪಡಿಸಿ. ಬದಲಾವಣೆ ನಿಧಾನಕ್ಕೆ: ಕಾಲು ಭಾಗ ಹೊಸದು ಮೂರು ದಿನ, ಅರ್ಧ ಮೂರು ದಿನ, ಮುಕ್ಕಾಲು ಮೂರು ದಿನ. ಆ ಹೊತ್ತಲ್ಲಿ ಗಾತ್ರ ನೋಡಿ ಮರಿ ಬೇರ್ಪಡಿಸದಿದ್ದರೆ ಹಸಿದ ದೊಡ್ಡವು ಚಿಕ್ಕವನ್ನೇ ನುಂಗುತ್ತವೆ.
ಇನ್ನೊಂದು, ಅಗ್ಗ ಅನ್ನೋದನ್ನು ಚೀಲದ ದರದಲ್ಲಿ ಅಳೆಯಬೇಡಿ. ಫೀಡ್ 15% ಅಗ್ಗವಾಗಿ ಎಫ್‌ಸಿಆರ್ (ಒಂದು ಕೆಜಿ ಮೀನು ಬೆಳೆಯಲು ಬೇಕಾದ ಫೀಡ್ ಕೆಜಿ) 1.4ರಿಂದ 1.7ಕ್ಕೆ ಏರಿದರೆ, ಹಳೆಯ ದರ 1 ಎಂದಿಟ್ಟುಕೊಂಡು 0.85 × 1.7 = 1.445. ಹಳೆಯ 1.4ಕ್ಕಿಂತ ದುಬಾರಿಯೇ.