ಬೆರಳು ಆಡಿಸಿದರೆ ಭಯ ಹೋಗುತ್ತದಾ? ಇಲ್ಲಾ ಕೆಟಮಿನ್ ತಗೋಬೇಕಾ?

ನಿದ್ದೆಗೆಟ್ಟವಳು:
ಎರಡು ವರ್ಷದ ಹಿಂದೆ ನಾನು ಓಡಿಸುತ್ತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತು. ಮೂಳೆ ಕೂಡಿಕೊಂಡಿದೆ, ತಲೆ ಇನ್ನೂ ಕೂಡಿಕೊಂಡಿಲ್ಲ. ಎಲ್ಲೋ ಹಾರ್ನ್ ಕೇಳಿದರೆ ಸಾಕು, ಬಲಗಾಲು ತಾನಾಗೇ ಬ್ರೇಕ್ ಒತ್ತುತ್ತದೆ. ಅಡುಗೆಮನೆಯಲ್ಲಿ ನಿಂತಿದ್ದರೂ ಅಷ್ಟೇ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಬಿಡದೆ ಕಾಡುವ ಮಾನಸಿಕ ತೊಂದರೆ, ಎಂದು ಡಾಕ್ಟರ್ ಬರೆದಿದ್ದಾರೆ. ಈಗ ಥೆರಪಿಸ್ಟ್ ಇಎಂಡಿಆರ್ ಎಂಬ, ಕಣ್ಣಿನ ಚಲನೆ ಬಳಸುವ ಥೆರಪಿ ಮಾಡೋಣ ಎನ್ನುತ್ತಿದ್ದಾರೆ. ಅವರು ಬೆರಳು ಆಡಿಸುತ್ತಾರಂತೆ, ನಾನು ಕಣ್ಣಲ್ಲೇ ಅದನ್ನು ಹಿಂಬಾಲಿಸಬೇಕಂತೆ. ಅಷ್ಟರಲ್ಲಿ ತಮ್ಮ ಒಂದು ಕೆಟಮಿನ್ (ಅರಿವಳಿಕೆಗೆ ಕೊಡುವ ಔಷಧ) ಥೆರಪಿಯ ಜಾಹೀರಾತು ಕಳಿಸಿದ್ದಾನೆ: ಆರು ಡ್ರಿಪ್, ಕಥೆ ಮುಗೀತು ಅಂತ. ಒಂದು ಮಂತ್ರದ ಹಾಗೆ ಕಾಣುತ್ತದೆ, ಇನ್ನೊಂದು ಮಾಯದ ಹಾಗೆ. ಯಾವುದನ್ನು ನಂಬಲಿ?

ಸಂಶಯ ಸುಬ್ಬ:
ಬೆರಳಿನ ಕಥೆ ಶುರುವಾಗಿದ್ದು ಹೇಗೆ ಗೊತ್ತಾ? 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಓಡಾಡಿದರೆ ಕಾಡುವ ಯೋಚನೆ ಹಗುರಾಗುತ್ತದೆ ಎಂದು ಅನ್ನಿಸಿತಂತೆ. 1989ರಲ್ಲಿ ಮೊದಲ ಅಧ್ಯಯನ ಬಂತು. 2001ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದವರಿಗೆ, ಕಣ್ಣು ಆಡಿಸಿದರೂ ಆಡಿಸದಿದ್ದರೂ ಫಲದಲ್ಲಿ ವ್ಯತ್ಯಾಸ ಸಿಗಲಿಲ್ಲ. ಅಂದರೆ ಕೆಲಸ ಮಾಡುವುದು ನೆನಪನ್ನು ಎದುರಿಸುವುದು. ಬೆರಳು ಸುಮ್ನೆ ಜಾತ್ರೆಯ ಡೋಲು.

ಒಂಬತ್ತನೇ ಸೆಶನ್:
ಸುಬ್ಬಣ್ಣ, ನಾನೂ ಹೀಗೇ ನಗುತ್ತಾ ಒಳಗೆ ಹೋದವನು. ನನ್ನದು ಬೆಂಕಿ ಅನಾಹುತ. ಮೊದಲ ಮೂರು ಸೆಶನ್ ಬೆರಳೇ ಇಲ್ಲ, ಬರೀ ಮಾತು. ತೀರಾ ಕಷ್ಟವಾದರೆ ಮನಸ್ಸನ್ನು ಎಲ್ಲಿ ಇಳಿಸಿಕೊಳ್ಳಬೇಕು ಅನ್ನುವ ಅಭ್ಯಾಸ. ನಾಲ್ಕನೇ ಸಲ, ಎಲ್ಲಕ್ಕಿಂತ ಕೆಟ್ಟ ಚಿತ್ರ ಯಾವುದು, 0ಯಿಂದ 10ರೊಳಗೆ ಎಷ್ಟು ಸಂಕಟ ಎಂದು ಕೇಳಿದರು. ನನ್ನದು ಬಾಗಿಲ ಹಿಡಿಕೆ. ಕೈ ಹಾಕಿದಾಗ ಸುಟ್ಟಿತ್ತಲ್ಲ, ಅದು. ಹತ್ತು ಎಂದೆ. ಅರ್ಧ ನಿಮಿಷ ಬೆರಳು ಓಡಾಡಿತು, ನಿಂತಿತು. ‘ಈಗ ಏನು ಬಂತು?’ ಅಂದರು. ಮತ್ತೆ ಬೆರಳು. ಬೆವತು ಹೋದೆ, ಒಮ್ಮೆ ವಾಂತಿ ಬರುವ ಹಾಗಾಯಿತು. ಆಮೇಲೆ ಯಾವಾಗಲೋ, ಆ ಹಿಡಿಕೆಯ ಪಕ್ಕದಲ್ಲಿ ಒಂದು ಕಿಟಕಿ ಇತ್ತು, ನಾನು ಹೊರಗೆ ಬಂದದ್ದು ಅದರಿಂದಲೇ ಎಂಬುದು ನೆನಪಾಯಿತು. ಎಷ್ಟೋ ವರ್ಷ ಆ ಕಿಟಕಿ ಚಿತ್ರದಲ್ಲೇ ಇರಲಿಲ್ಲ! ಈಗ ನಂಬರ್ ಎರಡು. ಹೊಗೆ ವಾಸನೆ ಬಂದರೆ ಇವತ್ತಿಗೂ ಎದ್ದು ನೋಡುತ್ತೇನೆ, ಆದರೆ ಓಡುವುದಿಲ್ಲ.

ಸಂಶಯ ಸುಬ್ಬ:
ನಿಮಗೆ ಗುಣವಾಗಿದ್ದು ಖುಷಿ. ಆದರೆ ಇದರಲ್ಲಿ ಬೆರಳಿನ ಪಾಲು ಎಷ್ಟು, ಜೊತೆಗೆ ಕೂತವರ ಪಾಲು ಎಷ್ಟು?

ಕುರ್ಚಿಯ ಆ ಕಡೆ:
ನಾನು ಈ ಥೆರಪಿ ಮಾಡುವವಳು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ತಗೊಳ್ಳಿ. ಸುಬ್ಬ ಹೇಳಿದ 2001ರ ಲೆಕ್ಕ ನಿಜ. 2013ರಲ್ಲಿ ಬಂದ ಇನ್ನೊಂದು ಲೆಕ್ಕದಲ್ಲಿ ಕಣ್ಣಿನ ಚಲನೆಯಿಂದ ಹೆಚ್ಚುವರಿ ಲಾಭ ಕಂಡಿತು. ಜಗಳ ಮುಗಿದಿಲ್ಲ. ನನಗೆ ಒಪ್ಪಿಗೆಯಾಗುವ ವಿವರಣೆ ಇಷ್ಟು: ಆ ಕ್ಷಣಕ್ಕೆ ಬೇಕಾದದ್ದನ್ನು ಹಿಡಿದಿಡಲು ಮನಸ್ಸಿಗೆ ಜಾಗ ಕಡಿಮೆ. ಕೆಟ್ಟ ನೆನಪನ್ನು ಎದುರಿಗಿಟ್ಟುಕೊಂಡೇ ಕಣ್ಣಿಗೂ ಕೆಲಸ ಕೊಟ್ಟರೆ ನೆನಪಿಗೆ ಸಿಗುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಚಿತ್ರ ಮಸುಕಾಗುತ್ತದೆ. ಮಸುಕಾದ ರೂಪದಲ್ಲೇ ಮತ್ತೆ ಒಳಗೆ ಹೋಗುತ್ತದೆ. ನೂರರಿಂದ ಹಿಂದಕ್ಕೆ ಎಣಿಸಿದರೂ ಪ್ರಯೋಗಗಳಲ್ಲಿ ಇಂಥದೇ ಪರಿಣಾಮ ಕಂಡಿದೆ. ಹಾಗಾಗಿ ಬೆರಳಲ್ಲಿ ಮಂತ್ರ ಇಲ್ಲ, ಒಪ್ಪಿದೆ. ಆದರೆ ಬರೀ ಡೋಲೂ ಅಲ್ಲ.

ಇಡೀ ಪದ್ಧತಿಗೆ ಎಂಟು ಹಂತ, ಬೆರಳು ಬರುವುದು ನಡುವೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಟಿಎಸ್‌ಡಿಗೆ ಇದನ್ನು ಶಿಫಾರಸು ಮಾಡಿತು. ಇದೊಂದೇ ದಾರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೆನಪನ್ನು ಮತ್ತೆ ಮತ್ತೆ ಬಾಯಿಬಿಟ್ಟು ಹೇಳಿ ಎದುರಿಸುವ ಪ್ರೊಲಾಂಗ್ಡ್ ಎಕ್ಸ್‌ಪೋಶರ್, ‘ತಪ್ಪು ನನ್ನದೇ’ ಎಂಬಂಥ ಯೋಚನೆಗಳನ್ನು ಬರೆದು ಬಿಡಿಸುವ ಸಿಪಿಟಿ, ಎರಡಕ್ಕೂ ಗಟ್ಟಿ ಪುರಾವೆ ಇದೆ.

ನಿದ್ದೆಗೆಟ್ಟವಳು:
ಒಂದು ಪ್ರಶ್ನೆ. ನಡೆದದ್ದೆಲ್ಲ ಬಿಡಿಸಿ ಹೇಳಲೇಬೇಕಾ? ಪಕ್ಕದ ಸೀಟಿನಲ್ಲಿ ಇದ್ದವರ ಬಗ್ಗೆ ಮಾತಾಡುವುದು ನನ್ನಿಂದ ಆಗುವುದಿಲ್ಲ.

ಕುರ್ಚಿಯ ಆ ಕಡೆ:
ಇಎಂಡಿಆರ್‌ನಲ್ಲಿ ಬೇಡ. ಮನಸ್ಸಲ್ಲಿ ಇಟ್ಟುಕೊಂಡರೆ ಸಾಕು, ನಮಗೆ ತುಣುಕು ಹೇಳಿದರೂ ನಡೆಯುತ್ತದೆ. ಸಾಕು ಅನ್ನಿಸಿದರೆ ಕೈ ಎತ್ತಿ, ಅಲ್ಲಿಗೇ ನಿಲ್ಲಿಸುತ್ತೇವೆ.

ತೆರೆದ ಕಿಟಕಿ:
ಕೆಟಮಿನ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಾನು ಎರಡು ವರ್ಷ ಥೆರಪಿಗೆ ಹೋಗಿ ಗೋಡೆ ನೋಡಿಕೊಂಡು ಕೂತವನು. ಬಾಯೇ ಬರುತ್ತಿರಲಿಲ್ಲ. ಡಾಕ್ಟರ್ ನಿಗಾದಲ್ಲಿ ಕೆಟಮಿನ್ ಕೊಟ್ಟರು. ಕೈ ನನ್ನದಲ್ಲ ಅನ್ನಿಸಿತು, ಚಾವಣಿ ದೂರ ಹೋಯಿತು. ಮಾರನೇ ದಿನ ಥೆರಪಿಸ್ಟ್ ಎದುರು ಮೊದಲ ಸಲ ಅತ್ತೆ. ಔಷಧ ನನ್ನನ್ನು ಗುಣ ಮಾಡಲಿಲ್ಲ, ಬಾಗಿಲು ತೆರೆಯಿತು. ಅದನ್ನು ಮಾಯ ಅನ್ನಬೇಡಿ.

ರಾತ್ರಿ ಪಾಳಿ:
ನಾನು ಅರಿವಳಿಕೆ ಕೊಡುವ ಡಾಕ್ಟರ್, ಕೆಟಮಿನ್ ನನಗೆ ಹಳೇ ಗೆಳೆಯ. 1962ರಲ್ಲಿ ತಯಾರಾಗಿದ್ದು, 1970ರಿಂದ ಅಮೆರಿಕದಲ್ಲಿ ಅರಿವಳಿಕೆಗೆ ಒಪ್ಪಿಗೆ ಇದೆ. ಮನಸ್ಸಿನ ಚಿಕಿತ್ಸೆಗೆ ಕೊಡುವುದು ಅದಕ್ಕಿಂತ ಕಡಿಮೆ: ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.5 ಮಿಲಿಗ್ರಾಂ, 40 ನಿಮಿಷದ ಡ್ರಿಪ್. ಬಿಪಿ ಏರುತ್ತದೆ, ಹಾಗಾಗಿ ಪಕ್ಕದಲ್ಲಿ ಮಾನಿಟರ್ ಮತ್ತು ಅದನ್ನು ಓದಬಲ್ಲ ಮನುಷ್ಯ ಬೇಕು.

ಈಗ ‘ಆರು ಡ್ರಿಪ್’ ವಿಷಯ. 2021ರ ಒಂದು ಅಧ್ಯಯನದಲ್ಲಿ 30 ಜನರಿಗೆ ಎರಡು ವಾರದಲ್ಲಿ ಆರು ಡ್ರಿಪ್ ಕೊಟ್ಟು ನೋಡಿದರು. ಅರ್ಧ ಜನಕ್ಕೆ ಕೆಟಮಿನ್, ಅರ್ಧಕ್ಕೆ ಹೋಲಿಕೆಗಾಗಿ ಮಿಡಜೊಲಮ್ ಎಂಬ ಮಂಪರು ಬರಿಸುವ ಔಷಧ. ಕೆಟಮಿನ್ ಗುಂಪಿನಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಚೆನ್ನಾಗಿಯೇ ಇಳಿದವು. ಆದರೆ ಗುಣ ಕಂಡವರಲ್ಲಿ ಆ ಗುಣ ಉಳಿದದ್ದು ಸುಮಾರು ನಾಲ್ಕು ವಾರ. 2022ರಲ್ಲಿ 158 ಸೈನಿಕರು ಮತ್ತು ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಖಿನ್ನತೆ ಕಡಿಮೆಯಾಯಿತು, ಪಿಟಿಎಸ್‌ಡಿಯಲ್ಲಿ ಮಾತ್ರ ಔಷಧವಿಲ್ಲದ ಸುಳ್ಳು ಡ್ರಿಪ್‌ಗಿಂತ ಸ್ಪಷ್ಟ ಮೇಲುಗೈ ಕಾಣಲಿಲ್ಲ. ‘ಕಥೆ ಮುಗೀತು’ ಅನ್ನೋದು ಇದರಲ್ಲಿ ಎಲ್ಲಿದೆ?

ತೆರೆದ ಕಿಟಕಿ:
ಅವುಗಳಲ್ಲಿ ಪರೀಕ್ಷೆ ಮಾಡಿದ್ದು ಔಷಧವನ್ನು, ಔಷಧದ ಜೊತೆಗಿನ ಥೆರಪಿಯನ್ನಲ್ಲ. ನಾನು ಹೇಳುತ್ತಿರುವುದು ಎರಡನೆಯದು.

ರಾತ್ರಿ ಪಾಳಿ:
ಸರಿಯಾದ ಮಾತು, ಒಪ್ಪುತ್ತೇನೆ. ಆದರೆ ಜಾಹೀರಾತಿನಲ್ಲಿ ಥೆರಪಿ ಇದೆಯಾ, ಬರೀ ಡ್ರಿಪ್ಪಾ? ಇನ್ನೊಂದು ಗೊಂದಲ ಬೇಡ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕೆಟಮಿನ್‌ನದೇ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ, ಅದೂ ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ. ತಗೊಂಡ ಮೇಲೆ ಎರಡು ಗಂಟೆ ಅಲ್ಲೇ ಕೂರಿಸಿಕೊಳ್ಳಬೇಕು. ಆ ಒಪ್ಪಿಗೆ ಪಿಟಿಎಸ್‌ಡಿಗೆ ಅಲ್ಲ. ಅಲ್ಲಿನ ಸೇನಾ ಆರೋಗ್ಯ ವ್ಯವಸ್ಥೆಯ 2023ರ ಮಾರ್ಗಸೂಚಿ ಪಿಟಿಎಸ್‌ಡಿಗೆ ಕೆಟಮಿನ್ ಬೇಡ ಎಂದೇ ಸಲಹೆ ಕೊಟ್ಟಿದೆ, ಇಎಂಡಿಆರ್‌ಗೆ ಹೂಂ ಅಂದಿದೆ. ಮನೆಗೆ ಮಾತ್ರೆ ಕಳಿಸುತ್ತೇವೆ ಅನ್ನುವವರಿಂದಂತೂ ದೂರ ಇರಿ. ತುಂಬಾ ದಿನ, ಜಾಸ್ತಿ ತಗೊಂಡು ಮೂತ್ರಕೋಶ ಕೆಡಿಸಿಕೊಂಡವರಿದ್ದಾರೆ.

ಸಂಶಯ ಸುಬ್ಬ:
ಅಂತೂ ನಾನು ಬೆರಳಿನ ಪರ ವಾದ ಮಾಡುವ ದಿನ ಬಂತು. ಕಾರಣ ಗೊತ್ತಿಲ್ಲದಿದ್ದರೂ ಫಲ ಇದೆ ಅನ್ನುವುದು ಒಂದು. ಕಾರಣ ಚೆನ್ನಾಗಿ ಹೇಳುತ್ತಾರೆ, ಫಲ ನಾಲ್ಕು ವಾರ ಅನ್ನುವುದು ಇನ್ನೊಂದು. ಮೊದಲನೆಯದೇ ವಾಸಿ.

ನಿದ್ದೆಗೆಟ್ಟವಳು:
ಇವತ್ತು ಥೆರಪಿಸ್ಟ್ ಹತ್ತಿರ ಹೋಗಿ ಬಂದೆ. ಬೆರಳು ಇನ್ನೂ ಶುರುವಾಗಿಲ್ಲ. ಚಿತ್ರ ಯಾವುದು ಎಂದು ಮಾತ್ರ ಕೇಳಿದರು. ಕನ್ನಡಿಯಲ್ಲಿ ದೊಡ್ಡದಾಗುತ್ತಾ ಬರುವ ಎರಡು ದೀಪ ಎಂದೆ. ಎಷ್ಟು ಅಂದರು, ಒಂಬತ್ತು ಅಂದೆ. ಬರೆದುಕೊಂಡರು. ತಮ್ಮನಿಗೆ, ಆ ಜಾಹೀರಾತು ಕೊಟ್ಟವರು ಡ್ರಿಪ್ ಆದ ಮೇಲೆ ಯಾರ ಎದುರು ಕೂರಿಸುತ್ತಾರೆ ಎಂದು ಕೇಳಿ ನೋಡು ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.