ಕುಂಡದ ಮಣ್ಣು, ಸತುವಿನ ತಗಡು

ಚಿಕ್ಕಪ್ಪ: ನಮ್ಮ ಮನೆಯವರ ಗುಂಪಿಗೆ ಈಗ ಹಾಕಿರುವ ವಿಡಿಯೊವನ್ನು ಎಲ್ಲರೂ ಕೊನೆಯವರೆಗೆ ನೋಡಿ. ಒದ್ದೆ ಮಣ್ಣಿನ ಕುಂಡಗಳಿಗೆ ಎರಡೆರಡು ತಗಡು ಚುಚ್ಚಿ ತಂತಿ ಜೋಡಿಸಿದ ಕೂಡಲೇ ದೀಪ ಹೊತ್ತಿಕೊಳ್ಳುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳೇ ಈ ವಿದ್ಯುತ್ತನ್ನು ಕೊಡುತ್ತವಂತೆ. ಮುನ್ನೂರು ಕುಂಡಗಳನ್ನು ಸಾಲಾಗಿ ಜೋಡಿಸಿದರೆ ಇಡೀ ಮನೆಗೆ ಸಾಕು ಎಂದು ಲೆಕ್ಕವನ್ನೂ ತೋರಿಸಿದ್ದಾರೆ.

ನಂದಿನಿ: ಚಿಕ್ಕಪ್ಪ, ಮಣ್ಣಿನ ಸೂಕ್ಷ್ಮಜೀವಿಗಳಿಂದ ವಿದ್ಯುತ್ ಬರುವುದು ನಿಜ, ಆದರೆ ಈ ವಿಡಿಯೊದ ದೀಪ ಉರಿಯುತ್ತಿರುವುದು ಅವುಗಳಿಂದಲ್ಲ. ಒಂದು ತಗಡು ಬೂದುಬಣ್ಣದ್ದು, ಇನ್ನೊಂದು ಕೆಂಪು. ಅವು ಸತು ಮತ್ತು ತಾಮ್ರದಂತೆ ಕಾಣುತ್ತವೆ. ನಿಂಬೆಹಣ್ಣಿಗೆ ಚುಚ್ಚಿದರೂ ಅವು ವೋಲ್ಟ್ ಕೊಡುತ್ತವೆ, ಏಕೆಂದರೆ ಸತು ತಾನೇ ಕರಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅಲ್ಲಿ ಖರ್ಚಾಗುತ್ತಿರುವುದು ಲೋಹವೇ ಹೊರತು ಮಣ್ಣಿನ ಸಾರವಲ್ಲ.

ಚಿಕ್ಕಪ್ಪ: ಯಾವ ಹೊಸ ವಿಷಯ ಹಾಕಿದರೂ ನೀನು ಮೊದಲು ತಪ್ಪನ್ನೇ ಹುಡುಕುತ್ತೀಯೆ. 1911ರಲ್ಲೇ ಇಂಗ್ಲೆಂಡಿನ ಪಾಟರ್ ಎಂಬ ಸಸ್ಯಶಾಸ್ತ್ರಜ್ಞರು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ನಿಂದ ವಿದ್ಯುತ್ ಪಡೆದಿದ್ದರು ಎಂದು ನಾನೂ ಓದಿದ್ದೇನೆ.

ಭಾವ: ಮಾವ ಹೇಳುವ ಇತಿಹಾಸ ಸರಿಯಾಗಿದೆ. ಆದರೆ ನಂದಿನಿ, ನಿಜವಾದದ್ದು ಇದಕ್ಕಿಂತ ಹೇಗೆ ಬೇರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳು.

ನಂದಿನಿ: ಗಾಳಿ ತಲುಪದ ಕೆಸರಿನಲ್ಲಿ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಕೊಳೆತ ಪದಾರ್ಥವನ್ನು ಅರಗಿಸಿಕೊಂಡಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು, ಆಮ್ಲಜನಕ ಸಿಗದ ಕಾರಣ, ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿಗೆ ದಾಟಿಸುತ್ತವೆ. ಅಲ್ಲಿ ಒಂದು ಕಾರ್ಬನ್ ಫೆಲ್ಟನ್ನು, ಅಂದರೆ ಇಂಗಾಲದ ಎಳೆಗಳ ದಪ್ಪ ಬಟ್ಟೆಯನ್ನು, ಹೂತಿಟ್ಟರೆ ಆ ಬ್ಯಾಕ್ಟೀರಿಯಾಗಳು ಅದರ ಮೇಲೆ ಪದರವಾಗಿ ಬೆಳೆದು ಅದಕ್ಕೇ ಎಲೆಕ್ಟ್ರಾನುಗಳನ್ನು ಒಪ್ಪಿಸುತ್ತವೆ. ಆ ಎಲೆಕ್ಟ್ರಾನುಗಳು ತಂತಿಯ ಮೂಲಕ ಮೇಲೆ ಗಾಳಿಗೆ ತೆರೆದಿಟ್ಟ ಇನ್ನೊಂದು ಫೆಲ್ಟನ್ನು ಸೇರಿ, ಅಲ್ಲಿ ಆಮ್ಲಜನಕವನ್ನು ನೀರಾಗಿಸುತ್ತವೆ. ಎರಡೂ ಕಡೆ ಇರುವುದು ಇಂಗಾಲವೇ, ಕರಗುವ ಲೋಹ ಎಲ್ಲಿಯೂ ಇಲ್ಲ. ನಾನು ಹೀಗೆ ಹೂಡಿದ ಕುಂಡದಲ್ಲಿ ಮೊದಲ ದಿನ ಮಲ್ಟಿಮೀಟರ್ ಕೆಲವೇ ಮಿಲಿವೋಲ್ಟ್ ತೋರಿಸಿತು. ಎರಡನೆಯ ವಾರದಲ್ಲಿ ಅದು ಅರ್ಧ ವೋಲ್ಟಿನ ಹತ್ತಿರಕ್ಕೆ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ರಾತ್ರಿ ಎದ್ದು ಹೋಗಿ ಮತ್ತೆ ಮತ್ತೆ ನೋಡುತ್ತಿದ್ದೆ. ಜೀವಿಗಳು ನೆಲೆಯೂರಲು ದಿನಗಳು ಹಿಡಿಯುತ್ತವೆ, ಚಿಕ್ಕಪ್ಪ. ಚುಚ್ಚಿದ ಕ್ಷಣಕ್ಕೇ ಬರುವ ವೋಲ್ಟ್ ಅವುಗಳದ್ದಲ್ಲ.

ಚಿಕ್ಕಪ್ಪ: ಒಪ್ಪಿದೆ ಎಂದುಕೊಳ್ಳೋಣ. ಅರ್ಧ ವೋಲ್ಟ್ ಕೊಡುವ ಕುಂಡಗಳನ್ನೇ ನಾನೂರೈವತ್ತು ಜೋಡಿಸಿದರೆ ಮನೆಯ ವೋಲ್ಟೇಜು ಬರಲೇಬೇಕಲ್ಲ?

ನಂದಿನಿ: ವೋಲ್ಟೇಜು ಕೂಡುತ್ತದೆ, ಕರೆಂಟು ಕೂಡುವುದಿಲ್ಲ. ಸರಣಿಯಲ್ಲಿ ಅತ್ಯಂತ ದುರ್ಬಲವಾದ ಕುಂಡ ಎಷ್ಟು ಬಿಡುತ್ತದೋ ಹೆಚ್ಚುಕಡಿಮೆ ಅಷ್ಟೇ ಎಲ್ಲದರ ಮೂಲಕ ಹರಿಯುತ್ತದೆ. 1931ರಲ್ಲಿ ಅಮೆರಿಕದ ವಿಜ್ಞಾನಿ ಬಾರ್ನೆಟ್ ಕೋಹೆನ್ ಬ್ಯಾಕ್ಟೀರಿಯಾಗಳಿಂದ ನಡೆಯುವ ವಿದ್ಯುತ್ ಕೋಶಗಳನ್ನು ಜೋಡಿಸಿ 35 ವೋಲ್ಟ್ ಪಡೆದಿದ್ದರು, ಆದರೆ ಕರೆಂಟು ಇದ್ದದ್ದು 2 ಮಿಲಿಆಂಪಿಯರ್. ಗುಣಿಸಿದರೆ 70 ಮಿಲಿವ್ಯಾಟ್. 5 ವ್ಯಾಟಿನ ಮೊಬೈಲ್ ಚಾರ್ಜರಿಗೆ ಅಂಥ ಎಪ್ಪತ್ತಕ್ಕೂ ಹೆಚ್ಚು ಜೋಡಣೆಗಳು ಬೇಕು. ಒಂದೇ ಮಡಿಯಲ್ಲಿ ಹೂತಿಟ್ಟರಂತೂ ಸರಣಿಯೇ ಆಗದು, ಒದ್ದೆ ಮಣ್ಣೇ ಅವುಗಳನ್ನೆಲ್ಲ ಒಳಗಿನಿಂದ ಬೆಸೆದುಬಿಡುತ್ತದೆ.

ಭಾವ: ಹಾಗಾದರೆ ಇದರ ಉಪಯೋಗವಾದರೂ ಏನು?

ನಂದಿನಿ: ಅತ್ಯಲ್ಪ ವಿದ್ಯುತ್ ಸಾಕಾಗುವ ಕಡೆ ಇದು ಬಹಳ ದೊಡ್ಡ ಉಪಯೋಗ. 2008ರಲ್ಲಿ ನೀರಿನ ತಳದ ಕೆಸರಿನಿಂದಲೇ ಹವಾಮಾನ ಅಳೆಯುವ ತೇಲುಬುರುಡೆಯೊಂದನ್ನು ನಡೆಸಿ ತೋರಿಸಿದ್ದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಒಂದು ಫೆಲ್ಟ್ ಅಡಿಯಲ್ಲಿ ಮಲಗಿರುತ್ತದೆ, ಗಾಳಿಗೆ ತಾಗಬೇಕಾದ ಇನ್ನೊಂದು ಕಡೆಯ ಫಲಕ ನೆಟ್ಟಗೆ ನಿಂತು ನೆಲದ ಮಟ್ಟದವರೆಗೆ ಬರುತ್ತದೆ. ಹೀಗಾಗಿ ಮೇಲ್ಮಣ್ಣು ಒಣಗಿದರೂ ಕೆಳಭಾಗ ತೇವದಲ್ಲೇ ಇರುತ್ತದೆ. ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್‌ಗೆ ಅದು ಸಾಕು. ಬ್ಯಾಟರಿ ಬದಲಿಸಲು ಯಾರೂ ಹೊಲಹೊಲ ಅಲೆಯಬೇಕಿಲ್ಲ, ಸತ್ತ ಬ್ಯಾಟರಿ ಮಣ್ಣಿನಲ್ಲಿ ಉಳಿಯುವುದೂ ಇಲ್ಲ. ಇಂಥ ಕೆಲಸವನ್ನು ಬಿಟ್ಟು ಮನೆಯ ದೀಪದ ಆಸೆ ತೋರಿಸುತ್ತಾರಲ್ಲ, ನನಗೆ ನೋವಾಗುವುದು ಅದಕ್ಕೆ. ಚಿಕ್ಕಪ್ಪ, ಬ್ಯಾಕ್ಟೀರಿಯಾಗಳು ಸಾಯುವಂತೆ ಮಣ್ಣನ್ನು ಚೆನ್ನಾಗಿ ಬೇಯಿಸಿ ಆರಿಸಿ, ಅದೇ ತಗಡುಗಳನ್ನು ಚುಚ್ಚಿ ನೋಡಿ.

ಚಿಕ್ಕಪ್ಪ: ಬೇಯಿಸಿ, ತಣಿಸಿ, ಮತ್ತೆ ನೀರು ಹಾಕಿ ಚುಚ್ಚಿದೆ. ಮೀಟರ್ ಮೊದಲಿನಷ್ಟೇ ತೋರಿಸುತ್ತಿದೆ. ಬೂದು ತಗಡಿನ ಮೇಲೆ ಬಿಳಿಯ ಪುಡಿ ಕಟ್ಟಿದೆ. ವಿಡಿಯೊವನ್ನು ಗುಂಪಿನಿಂದ ತೆಗೆದಿದ್ದೇನೆ. ಕಾರ್ಬನ್ ಫೆಲ್ಟ್ ಎಷ್ಟು ದಪ್ಪದ್ದು ತರಬೇಕು, ಬರೆ.